ಗಡಿಯಾರದೆದುರು ಒಂಟಿ ಸವಾರಿ: ಹವ್ಯಾಸಿಗಳಿಗೆ ಸೈಕಲ್ ಟೈಮ್ ಟ್ರಯಲ್

ಸೈಕಲ್ ಕ್ರೀಡೆಯ ಪ್ರಕಾರಗಳಲ್ಲಿ ಟೈಮ್ ಟ್ರಯಲ್‌ನಷ್ಟು ಸುಲಭವಾಗಿ ವಿವರಿಸಬಹುದಾದದ್ದು ಬೇರೊಂದಿಲ್ಲ. ಅಳೆದು ಗೊತ್ತುಮಾಡಿದ ದೂರವನ್ನು ಸವಾರರು ಒಬ್ಬರ ನಂತರ ಒಬ್ಬರಂತೆ, ಸಾಮಾನ್ಯವಾಗಿ ಒಂದೊಂದು ನಿಮಿಷದ ಅಂತರದಲ್ಲಿ ಹೊರಟು, ಯಾರ ನೆರವೂ ಇಲ್ಲದೆ ಕ್ರಮಿಸುತ್ತಾರೆ. ಅತಿ ಕಡಿಮೆ ಸಮಯ ತೆಗೆದುಕೊಂಡವರು ಗೆಲ್ಲುತ್ತಾರೆ. ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಸ್ಪರ್ಧೆಯಲ್ಲಿ ಗುಂಪಿನ ಒಳಗಿರುವ ಸವಾರನಿಗೆ ಮುಂದಿನವರು ಗಾಳಿಯನ್ನು ತಡೆದುಕೊಡುವುದರಿಂದ ಅವನ ಶ್ರಮ ಬಹಳ ತಗ್ಗುತ್ತದೆ. ಹೊಸಬನೊಬ್ಬ ಒಮ್ಮೆ ಆ ಗುಂಪಿನಿಂದ ಹಿಂದೆ ಬಿದ್ದನೆಂದರೆ ಅವನ ಪಾಲಿನ ಸ್ಪರ್ಧೆ ಅಲ್ಲಿಗೇ ಮುಗಿಯುತ್ತದೆ. ಟೈಮ್ ಟ್ರಯಲ್‌ನಲ್ಲಿ ಕೊನೆಯ ಸ್ಥಾನ ಪಡೆದವರೂ ಪೂರ್ತಿ ದೂರವನ್ನು ಸ್ಪರ್ಧಿಯಾಗಿಯೇ ಮುಗಿಸುತ್ತಾರೆ, ಅವರ ಸಮಯವೂ ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗುತ್ತದೆ, ಮುಂದಿನ ಬಾರಿ ಮೀರಬೇಕಾದ ಗುರಿಯೂ ಆ ಪಟ್ಟಿಯಲ್ಲಿಯೇ ಸಿಗುತ್ತದೆ. ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರದಲ್ಲಿ ಓಡಿಸುವ ಕೌಶಲವೂ ಇಲ್ಲಿ ಬೇಕಿಲ್ಲ. ಹೀಗಾಗಿ ಸ್ಪರ್ಧಾತ್ಮಕ ಸೈಕ್ಲಿಂಗಿಗೆ ಕಾಲಿಡುವ ಹವ್ಯಾಸಿಗೆ ಇದು ಅತ್ಯಂತ ಸೂಕ್ತವಾದ ಪ್ರವೇಶ. ಆದರೆ ಮೊದಲು ಸಾಮಗ್ರಿ, ಆಮೇಲೆ ಅಭ್ಯಾಸ ಎಂಬ ಕ್ರಮದಲ್ಲಿ ಹೊರಡುವ ಹೊಸಬರು ಈ ಕ್ರೀಡೆಯ ಸ್ವಭಾವವನ್ನೇ ತಿರುವುಮುರುವಾಗಿ ಗ್ರಹಿಸಿರುತ್ತಾರೆ. ಇಲ್ಲಿ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಸವಾರನು ಸೈಕಲ್ಲಿನ ಮೇಲೆ ಕೂರುವ ಭಂಗಿ ಮತ್ತು ತನ್ನ ಶಕ್ತಿಯನ್ನು ದಾರಿಯುದ್ದಕ್ಕೂ ಹಂಚುವ ರೀತಿ. ಇವೆರಡಕ್ಕೂ ಹೆಚ್ಚು ಹಣ ಬೇಕಿಲ್ಲ.

ಹವ್ಯಾಸಿಗಳ ನಡುವೆ ಈ ಕ್ರೀಡೆ ಅತ್ಯಂತ ಆಳವಾಗಿ ಬೇರೂರಿರುವುದು ಬ್ರಿಟನ್ನಿನಲ್ಲಿ, ಮತ್ತು ಅದು ಅಲ್ಲಿ ಹುಟ್ಟಿದ್ದು ಒಂದು ನಿಷೇಧದ ಫಲವಾಗಿ. 19ನೆಯ ಶತಮಾನದ ಕೊನೆಯ ದಶಕದಲ್ಲಿ, ಕುದುರೆಗಾಡಿಗಳು ಓಡಾಡುತ್ತಿದ್ದ ರಸ್ತೆಗಳಲ್ಲಿ ಗುಂಪಾಗಿ ಧಾವಿಸುವ ಸೈಕಲ್ ಸವಾರರ ಬಗ್ಗೆ ಪೊಲೀಸರಿಗೂ ಶ್ರೀಮಂತರಿಗೂ ಅಸಮಾಧಾನ ಬೆಳೆದಿತ್ತು. ಸರ್ಕಾರ ಎಲ್ಲ ಸೈಕಲ್ಲುಗಳಿಗೂ ನಿರ್ಬಂಧ ಹೇರೀತೆಂಬ ಭಯದಿಂದ ಅಲ್ಲಿನ ನ್ಯಾಷನಲ್ ಸೈಕ್ಲಿಸ್ಟ್ಸ್ ಯೂನಿಯನ್ ತಾನೇ ಮುಂದಾಗಿ ಸಾರ್ವಜನಿಕ ರಸ್ತೆಗಳ ಮೇಲಿನ ಸ್ಪರ್ಧೆಗಳನ್ನು ದೂರವಿಟ್ಟಿತು. 1894ರಲ್ಲಿ ನಾರ್ತ್ ರೋಡ್ ಕ್ಲಬ್ಬಿನ 50 ಮೈಲಿ ಸ್ಪರ್ಧೆಯೊಂದರಲ್ಲಿ ಸವಾರರನ್ನು ಕಂಡು ಕುದುರೆಯೊಂದು ಬೆದರಿದ ಪ್ರಕರಣ ದೊಡ್ಡದಾದ ಮೇಲೆ, ಆ ಸ್ಪರ್ಧೆಯಲ್ಲಿದ್ದ ಎಫ್. ಟಿ. ಬಿಡ್‌ಲೇಕ್ ಎಂಬಾತ ಸವಾರರನ್ನು ಒಬ್ಬೊಬ್ಬರಾಗಿ ಬಿಡುವ ಉಪಾಯವನ್ನು ಮುಂದಿಟ್ಟ. ನೋಡುವವರ ಕಣ್ಣಿಗೆ ಅದು ಸ್ಪರ್ಧೆಯೇ ಅಲ್ಲ; ಯಾರೋ ಒಬ್ಬ ಅವಸರದಲ್ಲಿ ಹೋಗುತ್ತಿದ್ದಾನೆ, ಅಷ್ಟೆ. 1895ರ ಅಕ್ಟೋಬರ್ 5ರಂದು ಅದೇ ಕ್ಲಬ್ಬು ಈ ಕ್ರಮದಲ್ಲಿ 50 ಮೈಲಿಗಳ ಸ್ಪರ್ಧೆಯನ್ನು ನಡೆಸಿತು, ಮತ್ತು ಬ್ರಿಟನ್ನಿನ ರಸ್ತೆ ಸೈಕ್ಲಿಂಗ್ ಮುಂದಿನ ಅರ್ಧ ಶತಮಾನ ಇದೇ ಜಾಡಿನಲ್ಲಿ ಸಾಗಿತು.

ಆ ಕಾಲದ ಗೋಪ್ಯತೆ ಇಂದಿಗೆ ತಮಾಷೆಯೆನಿಸುತ್ತದೆ. ಸ್ಪರ್ಧೆಗಳು ನಸುಕಿನಲ್ಲಿಯೇ ನಡೆಯುತ್ತಿದ್ದವು, ಸವಾರರು ಗಮನ ಸೆಳೆಯದಂತೆ ಕುತ್ತಿಗೆಯಿಂದ ಪಾದದವರೆಗೆ ಕಪ್ಪು ಉಡುಪು ತೊಡುತ್ತಿದ್ದರು, ಹೊರಡುವವರ ಪಟ್ಟಿಯ ಮೇಲೆ ‘ಖಾಸಗಿ ಮತ್ತು ಗೋಪ್ಯ’ ಎಂದು ಅಚ್ಚಾಗಿರುತ್ತಿತ್ತು, ಮಾರ್ಗದ ಹೆಸರಿನ ಬದಲು ಅಕ್ಷರ ಮತ್ತು ಅಂಕಿಗಳ ಸಂಕೇತವಿರುತ್ತಿತ್ತು. ಕಪ್ಪು ಉಡುಪು ಹೋಯಿತು, ಸಂಕೇತಗಳು ಮಾತ್ರ ಉಳಿದುಕೊಂಡಿವೆ. ಇಂಗ್ಲೆಂಡಿನ ವೇಗದ ಮಾರ್ಗಗಳಲ್ಲಿ ಒಂದಾದ ಹಲ್ ನಗರದ ಸಮೀಪದ ರಸ್ತೆಯನ್ನು ಸವಾರರು ಇಂದಿಗೂ ‘ವಿ718’ ಎಂದೇ ಕರೆಯುತ್ತಾರೆ. 1942ರಲ್ಲಿ ಪರ್ಸಿ ಸ್ಟಾಲಾರ್ಡ್ ಎಂಬಾತ ಲ್ಯಾಂಗೋಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ವರೆಗೆ ಗುಂಪು ಸ್ಪರ್ಧೆ ನಡೆಸಿ, ರಸ್ತೆಯ ಮೇಲೆ ಅಂಥ ಸ್ಪರ್ಧೆ ಕೂಡದೆಂಬ ಯೂನಿಯನ್ನಿನ ಕಟ್ಟಳೆಯನ್ನು ಮುರಿದಾಗ ಆತನನ್ನು ಯೂನಿಯನ್ನಿನಿಂದ ಹೊರಗಿಡಲಾಯಿತು. ಟೈಮ್ ಟ್ರಯಲ್‌ಗಳ ಮೇಲ್ವಿಚಾರಣೆಗೆಂದು 1937ರಲ್ಲಿ ರೋಡ್ ಟೈಮ್ ಟ್ರಯಲ್ಸ್ ಕೌನ್ಸಿಲ್ ರೂಪುಗೊಂಡಿತ್ತು. ಅದರ ಉತ್ತರಾಧಿಕಾರಿಯಾದ ಸೈಕ್ಲಿಂಗ್ ಟೈಮ್ ಟ್ರಯಲ್ಸ್ ಸಂಸ್ಥೆಯೇ ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಕ್ರೀಡೆಯ ನಿಯಮಗಳನ್ನು ರೂಪಿಸುತ್ತದೆ. ದೂರಗಳು ಅಂದಿನಿಂದ ಇಂದಿನವರೆಗೆ ಮೈಲಿಗಳಲ್ಲಿಯೇ ಇವೆ: 10 ಮೈಲಿ ಅಂದರೆ ಸುಮಾರು 16 ಕಿಲೋಮೀಟರ್, 25 ಮೈಲಿ ಅಂದರೆ ಸುಮಾರು 40 ಕಿಲೋಮೀಟರ್, ಅನಂತರ 50 ಮತ್ತು 100 ಮೈಲಿ, ಅದಕ್ಕೂ ಆಚೆಗೆ, ದೂರವನ್ನು ಬಿಟ್ಟು ಸಮಯವನ್ನೇ ನಿಗದಿಪಡಿಸುವ 12 ಗಂಟೆ ಮತ್ತು 24 ಗಂಟೆಗಳ ಸ್ಪರ್ಧೆಗಳು.

ಹೊಸಬರು ಮೊದಲು ಭಾಗವಹಿಸಬೇಕಾದದ್ದು ಕ್ಲಬ್ ಮಟ್ಟದ 10 ಮೈಲಿ ಸ್ಪರ್ಧೆಯಲ್ಲಿ. ಬ್ರಿಟನ್ನಿನಲ್ಲಿ ಬೇಸಗೆಯ ವಾರದ ದಿನಗಳ ಸಂಜೆ, ಕೆಲಸ ಮುಗಿಸಿ ಬಂದವರು ಊರಿನ ಹೊರಗಿನ ರಸ್ತೆಬದಿಯಲ್ಲಿ ಸೇರಿ ನಡೆಸುವ ಈ ಸ್ಪರ್ಧೆಗಳಿಗೆ ಸ್ಥಳದಲ್ಲಿಯೇ ಹೆಸರು ಬರೆಸಬಹುದು. ವಾರಾಂತ್ಯದ ‘ಮುಕ್ತ’ ಸ್ಪರ್ಧೆಗಳಿಗಾದರೆ ಮೊದಲೇ ಅರ್ಜಿ ಹಾಕಬೇಕು. ಹೆಸರು ಬರೆಸಿದವರು ಸಹಿ ಮಾಡಿ, ಕೊಟ್ಟ ಸಂಖ್ಯೆಯನ್ನು ಬೆನ್ನಿನ ಕೆಳಭಾಗದಲ್ಲಿ ಪಿನ್ನಿನಿಂದ ಚುಚ್ಚಿಕೊಂಡು ಸರದಿಯಲ್ಲಿ ನಿಲ್ಲುತ್ತಾರೆ. ಹೊರಡುವ ಗೆರೆಯಲ್ಲಿ ಒಬ್ಬ ಸ್ವಯಂಸೇವಕ ಸೀಟಿನ ಹಿಂದೆ ಹಿಡಿದು ನಿಲ್ಲುವುದರಿಂದ ಸವಾರನು ಎರಡೂ ಪಾದಗಳನ್ನು ಪೆಡಲಿನ ಮೇಲಿಟ್ಟುಕೊಂಡೇ ಕಾಯಬಹುದು. ಅಳುಕುವವರು ಒಂದು ಕಾಲನ್ನು ನೆಲಕ್ಕೂರಿ ಹೊರಟರೂ ತಪ್ಪಿಲ್ಲ. ಸಮಯ ನೋಡುವವರು ಕೊನೆಯ ಐದು ಸೆಕೆಂಡುಗಳನ್ನು ಜೋರಾಗಿ ಎಣಿಸಿ ಬಿಡುತ್ತಾರೆ. ಅನೇಕ ಮಾರ್ಗಗಳು ಅರ್ಧ ದೂರ ಹೋಗಿ ವೃತ್ತವೊಂದನ್ನು ಸುತ್ತಿ ಅದೇ ರಸ್ತೆಯಲ್ಲಿ ಮರಳುವಂಥವು. ಮುಕ್ತ ಸ್ಪರ್ಧೆಗಳಲ್ಲಿ ಅತಿ ವೇಗದವರಿಗೆ 10, 20, 30 ಎಂಬಂತೆ ಸೊನ್ನೆಯಲ್ಲಿ ಕೊನೆಗೊಳ್ಳುವ ಸಂಖ್ಯೆಗಳನ್ನೂ ಅವರ ನಂತರದವರಿಗೆ ಐದರಲ್ಲಿ ಕೊನೆಗೊಳ್ಳುವ ಸಂಖ್ಯೆಗಳನ್ನೂ ಕೊಡುವ ರೂಢಿಯಿದೆ. ಬಲಾಢ್ಯರಿಬ್ಬರು ಒಬ್ಬರ ಬೆನ್ನಿಗೊಬ್ಬರು ಹೊರಟು ದಾರಿಯಲ್ಲಿ ಜೊತೆಯಾಗದಿರಲಿ ಎಂಬುದು ಇದರ ಉದ್ದೇಶ.

ಜೊತೆಯಾಗಬಾರದು ಎಂಬುದೇ ಇಲ್ಲಿನ ಮೂಲ ನಿಯಮ. ಮುಂದಿನವನನ್ನು ಸಮೀಪಿಸಿದ ಸವಾರ ಪಕ್ಕಕ್ಕೆ ಸರಿದು ದಾಟಿಹೋಗಬೇಕು, ದಾಟಿಸಿಕೊಂಡವನು ಹಿಂದಕ್ಕೆ ಉಳಿಯಬೇಕು; ಯಾರೂ ಯಾರ ಹಿಂದೆಯೂ ಗಾಳಿಯ ಮರೆಯಲ್ಲಿ ಸಾಗುವಂತಿಲ್ಲ. ಒಂದು ನಿಮಿಷ ತಡವಾಗಿ ಹೊರಟವರು ತನ್ನನ್ನು ದಾಟಿ ಹೋಗುವುದು ಹೊಸಬನಿಗೆ ಮೊದಲ ದಿನವೇ ಎದುರಾಗುವ ಅನುಭವ. ಅವರ ಬೆನ್ನು ಹತ್ತಲು ಹೋಗುವುದು ನಿಯಮಕ್ಕೂ ವಿರುದ್ಧ, ಶ್ವಾಸಕೋಶಕ್ಕೂ ನಷ್ಟ.

ಬೆರಿಲ್ ಬರ್ಟನ್ ಅವರ ಹೆಸರನ್ನು ಬಿಟ್ಟು ಹವ್ಯಾಸಿ ಟೈಮ್ ಟ್ರಯಲ್‌ನ ಇತಿಹಾಸವನ್ನು ಬರೆಯಲಾಗದು. 1937ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರದಿಂದ ದೀರ್ಘಕಾಲ ಆಸ್ಪತ್ರೆಯಲ್ಲಿದ್ದು, ದೇಹವನ್ನು ಹೆಚ್ಚು ದಣಿಸಬಾರದೆಂಬ ಎಚ್ಚರಿಕೆಯೊಂದಿಗೆ ಮನೆಗೆ ಮರಳಿದ ಈ ಮಹಿಳೆ, ಯಾರ್ಕ್‌ಶೈರಿನ ತೋಟವೊಂದರಲ್ಲಿ ರೂಬಾರ್ಬ್ ಬೆಳೆಯ ಕೂಲಿ ಕೆಲಸ ಮಾಡುತ್ತ, ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದು, 1959ರಿಂದ 1983ರವರೆಗೆ ಸತತ 25 ವರ್ಷ ಬ್ರಿಟನ್ನಿನ ಸರ್ವದೂರ ಶ್ರೇಷ್ಠ ಸವಾರಳೆಂಬ ಪ್ರಶಸ್ತಿಯನ್ನು ಬೇರಾರಿಗೂ ಬಿಟ್ಟುಕೊಡಲಿಲ್ಲ. 1967ರ 12 ಗಂಟೆಗಳ ಸ್ಪರ್ಧೆಯೊಂದರಲ್ಲಿ ಪುರುಷರ ನಂತರ ಹೊರಟಿದ್ದ ಅವರು ಪುರುಷರಲ್ಲಿ ಮುಂದಿದ್ದ ಮೈಕ್ ಮೆಕ್‌ನಮಾರಾ ಅವರನ್ನೂ ಹಿಂದಿಕ್ಕಿದರು. ದಾಟುವಾಗ ಅವರಿಗೆ ಜೇಬಿನಿಂದ ಒಂದು ಮಿಠಾಯಿ ಕೊಟ್ಟು ಹೋದರೆಂಬುದು ಬ್ರಿಟಿಷ್ ಸವಾರರೆಲ್ಲ ಬಲ್ಲ ಸಂಗತಿ. ಬರ್ಟನ್ ಅಂದು ಕ್ರಮಿಸಿದ್ದು 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್. ಮೆಕ್‌ನಮಾರಾ ಅವರದು 276.52 ಮೈಲಿ, ಅದು ಪುರುಷರ ಹೊಸ ದಾಖಲೆಯೂ ಆಗಿತ್ತು. ಮಹಿಳೆಯರ ವಿಭಾಗದಲ್ಲಿ ಬರ್ಟನ್ ಅವರ ದೂರವನ್ನು ಮೀರಲು 2017ರವರೆಗೆ ಕಾಯಬೇಕಾಯಿತು.

ಇನ್ನು ಗಾಳಿಯ ಮಾತು. ಸಮತಟ್ಟಾದ ರಸ್ತೆಯಲ್ಲಿ ಸವಾರನ ಶಕ್ತಿಯನ್ನು ನುಂಗುವುದು ಮುಖ್ಯವಾಗಿ ಎರಡು: ರಸ್ತೆಯ ಮೇಲೆ ಉರುಳುವ ಟೈರು ಒಡ್ಡುವ ಪ್ರತಿರೋಧ ಮತ್ತು ಗಾಳಿಯ ಪ್ರತಿರೋಧ. ಮೊದಲನೆಯದಕ್ಕೆ ಬೇಕಾದ ಶಕ್ತಿ ವೇಗದೊಂದಿಗೆ ಸಮಪ್ರಮಾಣದಲ್ಲಿ ಏರುತ್ತದೆ. ಎರಡನೆಯದಕ್ಕೆ ಬೇಕಾದದ್ದು ವೇಗದ ಘನಕ್ಕೆ ಅನುಗುಣವಾಗಿ, ಅಂದರೆ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಎಂಬಂತೆ ಏರುತ್ತದೆ. ಸೈಕಲ್ಲೂ ಸೇರಿ 80 ಕಿಲೋ ತೂಗುವ, ಸಾಮಾನ್ಯ ರೇಸಿಂಗ್ ಸೈಕಲ್ಲಿನ ಮೇಲೆ ತಕ್ಕಮಟ್ಟಿಗೆ ಬಾಗಿ ಕುಳಿತ ಸವಾರನೊಬ್ಬನಿಗೆ ಗಾಳಿಯಿಲ್ಲದ ದಿನ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗಲು ಸುಮಾರು 140 ವ್ಯಾಟ್ ಸಾಕಾದರೆ, 40 ಕಿಲೋಮೀಟರ್ ವೇಗಕ್ಕೆ ಸುಮಾರು 290 ವ್ಯಾಟ್ ಬೇಕಾಗುತ್ತದೆ. ವೇಗ ಮೂರನೆಯ ಒಂದು ಪಾಲು ಹೆಚ್ಚಿದರೆ ಶ್ರಮ ಎರಡು ಪಟ್ಟಿಗಿಂತ ಹೆಚ್ಚು. ಆ 290 ವ್ಯಾಟ್‌ಗಳಲ್ಲಿ ಸುಮಾರು 250 ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ, ಮತ್ತು ಗಾಳಿಗೆ ಅಡ್ಡಬರುವುದರಲ್ಲಿ ಸೈಕಲ್ಲಿನ ಪಾಲು ಚಿಕ್ಕದು, ಸವಾರನ ದೇಹದ್ದೇ ಬಹುಪಾಲು.

ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಖರ್ಚಿನ ಕ್ರಮ ತಾನಾಗಿ ಸ್ಪಷ್ಟವಾಗುತ್ತದೆ. ಭುಜಗಳನ್ನು ಒಳಕ್ಕೆಳೆದು, ಮೊಣಕೈಗಳನ್ನು ಹತ್ತಿರ ತಂದು, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ಬಾಗಿಸಿ, ಗಾಳಿಗೆ ಒಡ್ಡಿಕೊಳ್ಳುವ ಪ್ರಮಾಣವನ್ನು ಐದರಲ್ಲೊಂದು ಪಾಲು ತಗ್ಗಿಸಿದ ಸವಾರನಿಗೆ 40 ಕಿಲೋಮೀಟರ್ ವೇಗದಲ್ಲಿ ಸುಮಾರು 50 ವ್ಯಾಟ್ ಉಳಿಯುತ್ತದೆ. ಅದೇ ಸವಾರ ದೊಡ್ಡ ಮೊತ್ತ ತೆತ್ತು ಒಂದು ಕಿಲೋ ಹಗುರವಾದ ಸೈಕಲ್ಲನ್ನು ಕೊಂಡರೆ ಸಮತಟ್ಟಾದ ರಸ್ತೆಯಲ್ಲಿ ಉಳಿಯುವುದು ಒಂದು ವ್ಯಾಟಿಗಿಂತಲೂ ಕಡಿಮೆ. ಅಂಗಡಿಯಲ್ಲಿ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ತೂಗಿ ನೋಡಿ ಮೆಚ್ಚುವ ಗಿರಾಕಿಗೆ ಮಾರಾಟಗಾರ ಈ ಸಂಗತಿಯನ್ನು ಹೇಳುವುದು ಅಪರೂಪ.

ಭಂಗಿಯ ಮಹತ್ವ ಲೋಕಕ್ಕೆಲ್ಲ ಕಾಣಿಸಿದ್ದು 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ. ವರ್ಸೇಲ್ಸ್‌ನಿಂದ ಪ್ಯಾರಿಸ್‌ವರೆಗಿನ 24.5 ಕಿಲೋಮೀಟರ್ ಟೈಮ್ ಟ್ರಯಲ್‌ಗೆ ಹೊರಟಾಗ ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲಾರೆಂ ಫಿನ್ಯೋನ್ ಅವರಿಗಿಂತ 50 ಸೆಕೆಂಡು ಹಿಂದಿದ್ದರು. ಲೆಮಾಂಡ್ ತಮ್ಮ ಹ್ಯಾಂಡಲಿಗೆ ಮುಂದಕ್ಕೆ ಚಾಚಿದ ಹಿಡಿಕೆಗಳನ್ನು ಜೋಡಿಸಿಕೊಂಡು, ಮೊಣಕೈಗಳನ್ನು ಅವುಗಳ ಮೇಲೆ ಊರಿ, ಹಿಂದಕ್ಕೆ ಚೂಪಾದ ಹೆಲ್ಮೆಟ್ ಧರಿಸಿದ್ದರು. ಫಿನ್ಯೋನ್ ಅಂಥ ಹಿಡಿಕೆಗಳಿಲ್ಲದೆ ಬರಿತಲೆಯಲ್ಲಿ, ಜುಟ್ಟನ್ನು ಗಾಳಿಗೆ ಬಿಟ್ಟು ಸವಾರಿ ಮಾಡಿದರು. ಫಿನ್ಯೋನ್ ಅಂದು 58 ಸೆಕೆಂಡು ಹೆಚ್ಚು ತೆಗೆದುಕೊಂಡು, ಮೂರು ವಾರಗಳ ಸ್ಪರ್ಧೆಯನ್ನು 8 ಸೆಕೆಂಡುಗಳಿಂದ ಸೋತರು. ಸವಾರರು ಏರೋ ಬಾರ್ ಎಂದು ಕರೆಯುವ ಆ ಹಿಡಿಕೆಗಳು ಇಂದು ಯಾವುದೇ ಸಾಮಾನ್ಯ ರೇಸಿಂಗ್ ಸೈಕಲ್ಲಿಗೆ ಸ್ಕ್ರೂ ಬಿಗಿದು ಕೂರಿಸಬಹುದಾದ ರೂಪದಲ್ಲಿ ಸಿಗುತ್ತವೆ, ಮತ್ತು ಹೊಸಬನು ಟೈಮ್ ಟ್ರಯಲ್‌ಗೆಂದೇ ಕೊಳ್ಳಬೇಕಾದ ಮೊದಲ ಸಾಮಗ್ರಿ ಅದೇ. ಆದರೆ ಮೊದಲ ಒಂದೆರಡು ಸ್ಪರ್ಧೆಗಳಿಗೆ ಅದೂ ಬೇಕಿಲ್ಲ. ಬ್ರೇಕ್ ಸರಿಯಾಗಿರುವ ಸೈಕಲ್ಲು, ಎಣ್ಣೆ ಹಾಕಿ ಒರೆಸಿದ ಚೈನು, ತಕ್ಕಷ್ಟು ಗಾಳಿ ತುಂಬಿದ ಟೈರು, ಹೆಲ್ಮೆಟ್, ಹಗಲಿನಲ್ಲಿಯೂ ಉರಿಯುವ ಮುಂದಿನ ಮತ್ತು ಹಿಂದಿನ ದೀಪ, ಗಾಳಿಗೆ ಪಟಪಟಿಸದ ಬಿಗಿಯಾದ ಅಂಗಿ, ಇಷ್ಟು ಸಾಕು. ಏರೋ ಬಾರ್ ಹಾಕಿಸಿಕೊಂಡವರು ವಾಹನವಿಲ್ಲದ ರಸ್ತೆಯಲ್ಲಿ ಅಭ್ಯಾಸ ಮಾಡಿಯೇ ಸ್ಪರ್ಧೆಗೆ ಬರಬೇಕು, ಏಕೆಂದರೆ ಆ ಭಂಗಿಯಲ್ಲಿ ಕೈಗಳು ಬ್ರೇಕಿನಿಂದ ದೂರವಿರುತ್ತವೆ, ತಿರುವಿನಲ್ಲಿ ಸಮತೋಲ ಕಾಯುವುದೂ ಕಷ್ಟ. ಅತಿಯಾಗಿ ಬಾಗುವುದೂ ಲಾಭವಲ್ಲ: ಸೊಂಟ ಮಡಿಚಿಕೊಂಡು ಉಸಿರು ಕಟ್ಟುವಂತಾದರೆ ಗಾಳಿಯಲ್ಲಿ ಉಳಿಸಿದ್ದು ಕಾಲುಗಳಲ್ಲಿ ನಷ್ಟವಾಗುತ್ತದೆ. ಪೂರ್ತಿ ದೂರ ಕದಲದೆ ಕಾಯ್ದುಕೊಳ್ಳಬಹುದಾದ ಭಂಗಿಯೇ ಸರಿಯಾದ ಭಂಗಿ.

ಶಕ್ತಿಯ ಹಂಚಿಕೆ ಇನ್ನೂ ಸೂಕ್ಷ್ಮವಾದ ವಿಷಯ. ಹೊರಡುವ ಕ್ಷಣದಲ್ಲಿ ಕಾಲುಗಳು ದಣಿದಿರುವುದಿಲ್ಲ, ಎದೆ ಬಡಿದುಕೊಳ್ಳುತ್ತಿರುತ್ತದೆ, ಯಾವ ವೇಗವೂ ಕಷ್ಟವೆನಿಸುವುದಿಲ್ಲ. ದೇಹ ತನ್ನಲ್ಲಿರುವ ತಾತ್ಕಾಲಿಕ ದಾಸ್ತಾನಿನಿಂದ, ಆಮ್ಲಜನಕದ ಪೂರೈಕೆಗೆ ಕಾಯದೆ, ಒಂದೆರಡು ನಿಮಿಷ ಹೆಚ್ಚುವರಿ ಶಕ್ತಿಯನ್ನು ಒದಗಿಸಬಲ್ಲದು. ಆ ದಾಸ್ತಾನು ಬರಿದಾದ ಮೇಲೆ ಅದನ್ನು ತುಂಬಿಸಿಕೊಳ್ಳಲು ವೇಗ ತಗ್ಗಿಸದೆ ಬೇರೆ ದಾರಿಯಿಲ್ಲ. ಹೀಗಾಗಿ ಮೊದಲ ಮೂರು ನಿಮಿಷ ಅತಿ ಬಿರುಸಾಗಿ ಹೋದವರು ಮುಂದಿನ ಇಪ್ಪತ್ತು ನಿಮಿಷ ಅದಕ್ಕೆ ಬಡ್ಡಿ ಕಟ್ಟುತ್ತಾರೆ. ಮೊದಲ ಕಾಲುಭಾಗ ‘ಇದು ತೀರ ಸಲೀಸಾಯಿತು’ ಎನ್ನಿಸಬೇಕು, ನಡುವಿನ ಅರ್ಧದಲ್ಲಿ ಎರಡು ಮೂರು ಪದಗಳಿಗಿಂತ ಹೆಚ್ಚು ಮಾತಾಡಲು ಉಸಿರು ಉಳಿಯಬಾರದು, ಕೊನೆಯ ಕಾಲುಭಾಗದಲ್ಲಿ ಉಳಿದದ್ದೆಲ್ಲ ಖರ್ಚಾಗಬೇಕು. ಪೆಡಲಿನ ಮೇಲೆ ಬೀಳುವ ಬಲವನ್ನು ಅಳೆದು ವ್ಯಾಟ್‌ಗಳಲ್ಲಿ ತೋರಿಸುವ ಪವರ್ ಮೀಟರ್ ಇದ್ದವರಿಗೆ ಈ ಹಂಚಿಕೆ ಸುಲಭ. ಹೃದಯ ಬಡಿತದ ಮಾಪಕವನ್ನು ಮಾತ್ರ ನಂಬಿದವರು, ಬಡಿತವು ಶ್ರಮಕ್ಕಿಂತ ತಡವಾಗಿ ಏರುತ್ತದೆ ಎಂಬುದನ್ನು ಮರೆತರೆ ಆರಂಭದಲ್ಲಿಯೇ ಎಡವುತ್ತಾರೆ.

ಹೋಗಿಬರುವ ಮಾರ್ಗದಲ್ಲಿ ಗಾಳಿ ಬೀಸುತ್ತಿದ್ದರೆ ಲೆಕ್ಕ ಬದಲಾಗುತ್ತದೆ. 10 ಕಿಲೋಮೀಟರ್ ಎದುರುಗಾಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗಿ, ಬೆನ್ನುಗಾಳಿಯಲ್ಲಿ 40ರ ವೇಗದಲ್ಲಿ ಮರಳಿದರೆ ತಗಲುವುದು 20 ಮತ್ತು 15, ಒಟ್ಟು 35 ನಿಮಿಷ. ಸರಾಸರಿ ವೇಗ 35 ಅಲ್ಲ, 34.3. ನಿಧಾನದ ಭಾಗದಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ ಅದರ ತೂಕ ಹೆಚ್ಚು. ಹೋಗುವಾಗ ವೇಗವನ್ನು 31ಕ್ಕೆ ಏರಿಸಿದರೆ 39 ಸೆಕೆಂಡು ಉಳಿಯುತ್ತದೆ, ಮರಳುವಾಗ 41ಕ್ಕೆ ಏರಿಸಿದರೆ 22 ಸೆಕೆಂಡು ಮಾತ್ರ. ಆದ್ದರಿಂದ ಅನುಭವಿಗಳು ಎದುರುಗಾಳಿಯಲ್ಲಿಯೂ ಏರಿನಲ್ಲಿಯೂ ಸರಾಸರಿಗಿಂತ ತುಸು ಹೆಚ್ಚು ಬಲ ಹಾಕಿ, ಬೆನ್ನುಗಾಳಿಯಲ್ಲಿಯೂ ಇಳಿಜಾರಿನಲ್ಲಿಯೂ ಸಾವರಿಸಿಕೊಳ್ಳುತ್ತಾರೆ. ಹೊಸಬರು ಮಾಡುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ವೇಗಮಾಪಕದಲ್ಲಿ ದೊಡ್ಡ ಅಂಕಿ ಕಂಡಾಗ ಉತ್ಸಾಹ ಬಂದು ಇನ್ನೂ ತುಳಿಯುತ್ತಾರೆ, ಎದುರುಗಾಳಿಯಲ್ಲಿ ಸಣ್ಣ ಅಂಕಿ ಕಂಡಾಗ ಮನಸ್ಸು ಕುಗ್ಗಿ ಕಾಲು ಸಡಿಲಿಸುತ್ತಾರೆ.

ತರಬೇತಿಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ವಾರದಲ್ಲಿ ಒಂದು ದೀರ್ಘವಾದ ನಿಧಾನ ಸವಾರಿ, ಒಂದು ದಿನ ಸ್ಪರ್ಧೆಯ ತೀವ್ರತೆಗೆ ಸ್ವಲ್ಪ ಕೆಳಗಿನ ಮಟ್ಟದಲ್ಲಿ ಹತ್ತರಿಂದ ಇಪ್ಪತ್ತು ನಿಮಿಷಗಳ ಎರಡು ಅವಧಿ, ನಡುವೆ ಸಾಕಷ್ಟು ವಿಶ್ರಾಂತಿ, ಆರಂಭಿಕನಿಗೆ ಇಷ್ಟೇ ಮೊದಲ ಕೆಲವು ತಿಂಗಳ ಪಾಠ. ಆ ಅವಧಿಗಳನ್ನು ಸ್ಪರ್ಧೆಯಲ್ಲಿ ಬಳಸುವ ಭಂಗಿಯಲ್ಲಿಯೇ ಮಾಡಬೇಕು. ನಲವತ್ತು ದಾಟಿದವರೂ ಹೃದಯದ ಕಾಯಿಲೆಯ ಹಿನ್ನೆಲೆಯಿರುವವರೂ ವೈದ್ಯರ ತಪಾಸಣೆಯ ನಂತರವೇ ಇಂಥ ಶ್ರಮಕ್ಕೆ ಇಳಿಯುವುದು ಲೇಸು. ಸ್ಪರ್ಧೆಗೆ ಮುನ್ನ ಹದಿನೈದು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳದೆ ಗೆರೆಗೆ ಬಂದವರ ಮೊದಲ ಎರಡು ಕಿಲೋಮೀಟರ್ ಬರೀ ನೋವು. ಅರ್ಧ ಗಂಟೆಯ ಸ್ಪರ್ಧೆಗೆ ದಾರಿಯಲ್ಲಿ ತಿನ್ನುವ ಅಗತ್ಯವಿಲ್ಲ. ಎರಡು ಮೂರು ಗಂಟೆ ಮೊದಲು ಹಗುರವಾಗಿ ಉಂಡಿದ್ದರೆ ಸಾಕು.

ವಯಸ್ಸಾದವರನ್ನು ಈ ಕ್ರೀಡೆ ನಡೆಸಿಕೊಳ್ಳುವ ರೀತಿಯೂ ಗಮನಾರ್ಹ. ಬ್ರಿಟನ್ನಿನಲ್ಲಿ 40 ದಾಟಿದ ಸವಾರರಿಗಾಗಿಯೇ ಇರುವ ಸಂಘವು ಪ್ರತಿಯೊಂದು ವಯಸ್ಸಿಗೂ ಪ್ರತಿಯೊಂದು ದೂರಕ್ಕೂ ಒಂದು ಮಾನಕ ಸಮಯವನ್ನು ಗೊತ್ತುಮಾಡಿದೆ. ಆ ಮಾನಕಕ್ಕಿಂತ ಯಾರು ಎಷ್ಟು ಬೇಗ ಮುಗಿಸಿದರು ಎಂಬುದೇ ಅಲ್ಲಿ ಶ್ರೇಯಾಂಕಕ್ಕೆ ಆಧಾರವಾದ್ದರಿಂದ, ಎಪ್ಪತ್ತರ ಅಜ್ಜ ನಲವತ್ತೈದರ ಬಲಿಷ್ಠನನ್ನು ಸೋಲಿಸುವುದು ಅಲ್ಲಿ ಅಪೂರ್ವವೇನಲ್ಲ.

ಆದರೆ ಬ್ರಿಟಿಷ್ ಪದ್ಧತಿಯಲ್ಲಿ ಎಲ್ಲವೂ ಅನುಕರಣೀಯವಲ್ಲ. ಒಳ್ಳೆಯ ಸಮಯದ ಬೆನ್ನು ಹತ್ತಿದ ಸವಾರರು ಕಾರು, ಲಾರಿಗಳು ಭರದಿಂದ ಸಾಗುವ ಜೋಡಿ ರಸ್ತೆಗಳನ್ನು ಇಷ್ಟಪಡುತ್ತಾರೆ, ಏಕೆಂದರೆ ಪಕ್ಕದಲ್ಲಿ ಹಾದುಹೋಗುವ ವಾಹನಗಳು ಗಾಳಿಯನ್ನೂ ತಮ್ಮೊಡನೆ ಎಳೆದೊಯ್ದು ಸವಾರನಿಗೆ ನೆರವಾಗುತ್ತವೆ. ಅಂಥ ರಸ್ತೆಗಳಲ್ಲಿ ಸ್ಪರ್ಧಿಗಳು ಪ್ರಾಣ ಕಳೆದುಕೊಂಡದ್ದೂ ಇದೆ. ಒಬ್ಬಂಟಿಯಾಗಿ ತನ್ನ ಬಲದಿಂದಲೇ ಸಾಗಬೇಕೆಂಬ ಕ್ರೀಡೆಯಲ್ಲಿ ಲಾರಿಯ ಗಾಳಿಯಿಂದ ಗಳಿಸಿದ ಅರ್ಧ ನಿಮಿಷವನ್ನು ಸಾಧನೆಯೆಂದು ಎಣಿಸುವುದು ವಿಚಿತ್ರ. ಇನ್ನೊಂದು ಅಪಾಯವನ್ನು ಸವಾರನೇ ತಂದುಕೊಳ್ಳುತ್ತಾನೆ: ದಣಿವಿನಲ್ಲಿ ತಲೆ ತಗ್ಗಿಸಿ ಮುಂದಿನ ಚಕ್ರವನ್ನೇ ನೋಡುತ್ತ ಸಾಗಿ, ನಿಂತ ವಾಹನಕ್ಕೆ ಡಿಕ್ಕಿ ಹೊಡೆಯುವುದು. ಎಷ್ಟು ಸೆಕೆಂಡು ಹೋದರೂ ದೃಷ್ಟಿ ರಸ್ತೆಯ ಮೇಲಿರಬೇಕು.

ಕರ್ನಾಟಕಕ್ಕೆ ಸೈಕಲ್ ಸ್ಪರ್ಧೆ ಹೊಸತಲ್ಲ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸವಾರರನ್ನು ಬಹುಕಾಲದಿಂದ ಕೊಡುತ್ತ ಬಂದಿವೆ. ಆ ಸೀಮೆಯ ಜಾತ್ರೆ, ಉತ್ಸವಗಳಲ್ಲಿ ಸೈಕಲ್ ಸ್ಪರ್ಧೆ ಏರ್ಪಡಿಸುವ ವಾಡಿಕೆಯೂ ಇದೆ. ಬೆಂಗಳೂರಿನಲ್ಲಿ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಎಂಬ ಹವ್ಯಾಸಿಗಳ ಸ್ಪರ್ಧಾಮಾಲೆಯಲ್ಲಿ ಟೈಮ್ ಟ್ರಯಲ್ ಕೂಡ ಒಂದು ಪ್ರಕಾರ. ರಾಷ್ಟ್ರೀಯ ವೈಯಕ್ತಿಕ ಟೈಮ್ ಟ್ರಯಲ್ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದ ಬೆಂಗಳೂರಿನ ನವೀನ್ ಜಾನ್ ಸ್ಪರ್ಧಾತ್ಮಕ ಸೈಕ್ಲಿಂಗನ್ನು ಆರಂಭಿಸಿದ್ದು ಬಾಲ್ಯದಲ್ಲಲ್ಲ, ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ. ತಡವಾಗಿ ಹೊರಟವರಿಗೆ ಈ ಕ್ರೀಡೆಯಲ್ಲಿ ಜಾಗವಿದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಇದು. ಸ್ಪರ್ಧೆಗಳು ನಡೆಯದ ಊರಿನವರು ತಿರುವು ಕಡಿಮೆಯಿರುವ, ಅಡ್ಡರಸ್ತೆಗಳಿಲ್ಲದ ಎಂಟು ಹತ್ತು ಕಿಲೋಮೀಟರಿನ ಒಂದು ತುಂಡನ್ನು ಆರಿಸಿಕೊಂಡು, ನಸುಕಿನಲ್ಲಿ ನಾಲ್ಕಾರು ಮಂದಿ ಸೇರಿ, ಒಂದು ನಿಮಿಷದ ಅಂತರದಲ್ಲಿ ಹೊರಟು ಫೋನಿನ ಗಡಿಯಾರದಲ್ಲಿಯೇ ಸಮಯ ಹಿಡಿಯಬಹುದು. ನಮ್ಮ ರಸ್ತೆಗಳಲ್ಲಿ ಮಾರ್ಗವನ್ನು ಹಿಂದಿನ ದಿನವೇ ಒಮ್ಮೆ ನೋಡಿಬರುವುದು ಅಗತ್ಯ; ಗುರುತು ಹಾಕದ ಉಬ್ಬು, ರಸ್ತೆಯ ಮೇಲೆ ಹರವಿದ ರಾಗಿ ಅಥವಾ ಹುರುಳಿ, ವಿರುದ್ಧ ದಿಕ್ಕಿನಿಂದ ಬರುವ ಬೈಕು ಇವು ಯಾವ ನಿಯಮಾವಳಿಯಲ್ಲಿಯೂ ಇಲ್ಲ. ನಂದಿಬೆಟ್ಟದ ಏರಿನಂಥ ಮಾರ್ಗವಾದರೆ ಗಾಳಿ ಮತ್ತು ತೂಕದ ಬಗೆಗಿನ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ: ಅಲ್ಲಿ ವೇಗ ಕಡಿಮೆ, ಗಾಳಿಯ ಪಾಲೂ ಕಡಿಮೆ, ಗುರುತ್ವದ ವಿರುದ್ಧ ಎತ್ತಬೇಕಾದ ಪ್ರತಿಯೊಂದು ಕಿಲೋ ತೂಕವೂ ಸಮಯಕ್ಕೆ ಸೇರುತ್ತದೆ.

ಊರಿಂದೂರಿಗೆ ಸಮಯಗಳನ್ನು ಹೋಲಿಸುವವರು ಎತ್ತರವನ್ನೂ ಗಣಿಸಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಅಷ್ಟೇ ಉಷ್ಣತೆಯ ಮಂಗಳೂರಿನ ಗಾಳಿಗಿಂತ ಶೇಕಡ 10ರಷ್ಟು ಕಡಿಮೆ. 1972ರಲ್ಲಿ ಎಡ್ಡಿ ಮೆರ್ಕ್ಸ್ ಎಂಬ ಸವಾರ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿ ದಾಖಲೆ ಮಾಡಲು ಎರಡು ಸಾವಿರ ಮೀಟರಿಗೂ ಮೇಲಿರುವ ಮೆಕ್ಸಿಕೋ ನಗರವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ತೆಳುವಾದ ಗಾಳಿಯಲ್ಲಿ ಉಸಿರಿಗೆ ದಕ್ಕುವ ಆಮ್ಲಜನಕವೂ ಕಡಿಮೆಯಾಗುವುದರಿಂದ ಲಾಭದ ಒಂದಂಶ ಕಳೆದುಹೋಗುತ್ತದೆ, ಪೂರ್ತಿಯಾಗಿ ಅಲ್ಲ. ಬೆಂಗಳೂರಿನಲ್ಲಿ 16 ಕಿಲೋಮೀಟರನ್ನು 26 ನಿಮಿಷದಲ್ಲಿ ಮುಗಿಸಿದ ಸವಾರ ಅದೇ ಸೈಕಲ್ಲಿನಲ್ಲಿ, ಅದೇ ಶ್ರಮದಲ್ಲಿ, ಕರಾವಳಿಯ ಸಮತಟ್ಟಾದ ರಸ್ತೆಯಲ್ಲಿ ಅರ್ಧ ನಿಮಿಷ ತಡವಾಗಿ ಗೆರೆ ಮುಟ್ಟಿದರೆ ಅದಕ್ಕೆ ಅವನ ಕಾಲುಗಳನ್ನು ದೂರಬೇಕಾಗಿಲ್ಲ.